ಸೈಬರ್-ಫಿಸಿಕಲ್ ಸಿಸ್ಟಮ್ಸ್ ಕಂಟ್ರೋಲ್‌ನಲ್ಲಿ ಸಂಶೋಧನೆ: ಕಾಸರಗೋಡಿನಿಂದ ದಾರಿ ಹೇಗೆ, ಫೈನಲ್ ಇಯರ್ ಪ್ರಾಜೆಕ್ಟ್ ಯಾವುದಾದರೆ ಒಳ್ಳೆಯದು?

ಮುಳ್ಳೇರಿಯ_ಇಇಇ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಲೆಕ್ಟ್ರಿಕಲ್ ಬಿ.ಟೆಕ್., ಏಳನೇ ಸೆಮಿಸ್ಟರ್. ಹತ್ತನೇ ತನಕ ಕನ್ನಡ ಮಾಧ್ಯಮ. ಮುಂದೆ ಕಂಟ್ರೋಲ್‌ನಲ್ಲೇ ಸಂಶೋಧನೆ ಮಾಡಬೇಕು ಅಂತ ಉಂಟು. ಅದರಲ್ಲೂ ಸೆನ್ಸರ್, ಕಂಟ್ರೋಲರ್, ಮೋಟರು ಎಲ್ಲ ನೆಟ್‌ವರ್ಕ್ ಮೂಲಕ ಮಾತಾಡುವ ವ್ಯವಸ್ಥೆಗಳು, ಅವುಗಳ ಮೇಲಿನ ದಾಳಿ, ಅದನ್ನು ಹಿಡಿಯುವುದು ಇಂಥದ್ದರಲ್ಲಿ. ಊರಲ್ಲಿ ಕೇಳಿದರೆ ಪಿಎಸ್‌ಸಿ ಬರಿ, ಇಲ್ಲದಿದ್ದರೆ ಬೆಂಗಳೂರಿಗೆ ಸಾಫ್ಟ್‌ವೇರ್‌ಗೆ ಹೋಗು ಅಂತಾರೆ. ಈ ಕ್ಷೇತ್ರ ಗೊತ್ತಿರುವವರು ಹತ್ತಿರದಲ್ಲಿ ಯಾರೂ ಇಲ್ಲ.

ತಿಳಿಯಬೇಕಾದ್ದು ಇಷ್ಟು. ಎಂ.ಟೆಕ್. ಮಾಡಿ ಪಿಎಚ್.ಡಿ.ಗೆ ಹೋಗುವುದೋ, ನೇರ ಪಿಎಚ್.ಡಿ.ಯೋ? ಯಾವ ಗಣಿತ ಈಗಲೇ ಶುರು ಮಾಡಬೇಕು? ನಮ್ಮದು ಕೇರಳದ ಡೊಮಿಸೈಲ್, ಹಾಗಾಗಿ ಸುರತ್ಕಲ್ ಎನ್‌ಐಟಿಯಲ್ಲಿ ಅವಕಾಶ ಕಡಿಮೆಯಾ? ಹೊರದೇಶಕ್ಕೆ ಹೋಗದೆ ಈ ಕ್ಷೇತ್ರದಲ್ಲಿ ನಿಲ್ಲಲಿಕ್ಕೆ ಆಗ್ತದಾ?

ಪ್ರಾಜೆಕ್ಟಿಗೆ ಅಡಿಕೆ ತೋಟದ ಸ್ಪ್ರಿಂಕ್ಲರ್ ತೆಗೆದುಕೊಂಡಿದ್ದೇವೆ. ಮಣ್ಣಿನ ತೇವಾಂಶದ ಸೆನ್ಸರ್, ಲೋರಾ ರೇಡಿಯೋ, ಪಂಪ್ ಆನ್-ಆಫ್. ಗೈಡ್ ಇದಕ್ಕೆ ಮಷಿನ್ ಲರ್ನಿಂಗ್ ಸೇರಿಸಿ ಅಂತ ಹೇಳಿದ್ದಾರೆ. ಪಿಎಚ್.ಡಿ. ಅರ್ಜಿಯಲ್ಲಿ ಇದು ತೂಕ ಕೊಡ್ತದಾ?

ಚಂದ್ರಗಿರಿ_ದಡ

ಡೊಮಿಸೈಲ್ ವಿಷಯ ಮೊದಲು ಮುಗಿಸುವ. ಎನ್‌ಐಟಿಗಳಲ್ಲಿ ಹೋಮ್ ಸ್ಟೇಟ್ ಕೋಟಾ ಇರುವುದು ಬಿ.ಟೆಕ್.ಗೆ ಮಾತ್ರ. ಎಂ.ಟೆಕ್. ಸೀಟು ಗೇಟ್ ಸ್ಕೋರಿನ ಮೇಲೆ ಸಿಸಿಎಂಟಿ ಕೌನ್ಸೆಲಿಂಗ್‌ನಲ್ಲಿ, ಇಡೀ ದೇಶಕ್ಕೆ ಒಂದೇ ಲೆಕ್ಕ. ಪಿಎಚ್.ಡಿ. ಆಯಾ ಸಂಸ್ಥೆಯ ಪರೀಕ್ಷೆ, ಸಂದರ್ಶನದಲ್ಲಿ. ಅಲ್ಲಿ ನೀವು ಕೇರಳದವರೋ ಕರ್ನಾಟಕದವರೋ ಅಂತ ಯಾರೂ ಕೇಳುವುದಿಲ್ಲ. ಗಡಿಯಲ್ಲಿರುವವರು ಎಡವುವುದು ಬೇರೆ ಕಡೆ: ಒಬಿಸಿ ನಾನ್-ಕ್ರೀಮಿಲೇಯರ್ ಸರ್ಟಿಫಿಕೆಟ್. ಕೇಂದ್ರದ ಒಬಿಸಿ ಪಟ್ಟಿ ರಾಜ್ಯವಾರು ಇದೆ. ಮಂಗಳೂರಿನ ನೆಂಟರ ಜಾತಿ ಕರ್ನಾಟಕದ ಪಟ್ಟಿಯಲ್ಲಿ ಉಂಟು ಅಂತ ನಂಬಿ ಕೂರಬಾರದು, ನಿಮಗೆ ಲೆಕ್ಕ ಕೇರಳದ ಪಟ್ಟಿ. ಅದರಲ್ಲಿ ಹೆಸರು ಯಾವ ಸ್ಪೆಲ್ಲಿಂಗ್‌ನಲ್ಲಿ ಇದೆಯೋ ಸರ್ಟಿಫಿಕೆಟಿನಲ್ಲೂ ಹಾಗೇ ಬರಬೇಕು, ನಮೂನೆ ಕೇಂದ್ರ ಸರ್ಕಾರದ್ದೇ ಆಗಿರಬೇಕು, ಪ್ರವೇಶದ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದಾಗಿರಬೇಕು. ರಾಜ್ಯದ ನಮೂನೆ ತೆಗೆದುಕೊಂಡು ಹೋಗಿ ಸೀಟು ಕೈತಪ್ಪಿದರೆ ಅದಕ್ಕಿಂತ ದೊಡ್ಡ ಸಂಕಟ ಇಲ್ಲ.

ಇನ್ನು ಕ್ಷೇತ್ರ. ಸೈಬರ್-ಫಿಸಿಕಲ್ ಸಿಸ್ಟಮ್ಸ್ ಎಂಬ ಹೆಸರು ಬಂದದ್ದು 2006ರ ಸುಮಾರಿಗೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಲ್ಲಿದ್ದ ಹೆಲೆನ್ ಗಿಲ್ ಅವರಿಂದ. ಹೆಸರು ಹೊಸದು, ಒಳಗಿರುವ ಕಂಟ್ರೋಲ್ ಥಿಯರಿ ಹಳೆಯದು. ಹೊಸತಾಗಿ ಸೇರಿದ್ದು ಇಷ್ಟೇ: ಮೊದಲು ತಂತಿಯಲ್ಲಿ ನಿರಂತರವಾಗಿ ಬರುತ್ತಿದ್ದ ಸಂಕೇತ ಈಗ ಪ್ಯಾಕೆಟ್ ಆಗಿ ಬರ್ತದೆ. ತಡವಾಗಿ ಬರಬಹುದು, ಬಾರದೇ ಇರಬಹುದು, ಯಾರಾದರೂ ತಿದ್ದಿ ಕಳಿಸಿರಬಹುದು.

ಒಂದು ಲೆಕ್ಕ ನೋಡಿ. ಒಂದೇ ಸ್ಟೇಟ್ ಇರುವ ಅಸ್ಥಿರ ಪ್ಲಾಂಟ್ (ಕಂಟ್ರೋಲ್ ಮಾಡಬೇಕಾದ ವ್ಯವಸ್ಥೆ), ಪ್ರತಿ ಸ್ಯಾಂಪಲ್‌ಗೆ ತನ್ನಷ್ಟಕ್ಕೆ 1.2 ಪಟ್ಟು ಬೆಳೆಯುವಂಥದ್ದು. ಸೆನ್ಸರ್ ಪ್ಯಾಕೆಟ್ ತಲುಪುವ ಸಂಭವನೀಯತೆ 1 − 1/1.44, ಅಂದರೆ ಸುಮಾರು 0.31ಕ್ಕಿಂತ ಕಡಿಮೆಯಾದರೆ ಸ್ಟೇಟನ್ನು ಅಂದಾಜು ಮಾಡುವ ಕಾಲ್ಮನ್ ಫಿಲ್ಟರಿನ ದೋಷದ ವರ್ಗದ ಸರಾಸರಿ ಮಿತಿಯಿಲ್ಲದೆ ಬೆಳೆಯುತ್ತದೆ. 2004ರಲ್ಲಿ ಸಿನೊಪೊಲಿ ಮತ್ತು ಜೊತೆಗಾರರು ತೋರಿಸಿದ್ದು ಇದನ್ನೇ. ಆದರೆ ಆ ಲೆಕ್ಕದಲ್ಲಿ ಪ್ರತಿ ಪ್ಯಾಕೆಟ್ಟಿನ ನಷ್ಟ ಬೇರೆಯದರಿಂದ ಸ್ವತಂತ್ರ. ನಿಜವಾದ ವೈಫೈಯಲ್ಲಿ ಹೋದರೆ ಸಾಲಾಗಿ ಹತ್ತು ಹೋಗ್ತವೆ, ಬಂದರೆ ಸಾಲಾಗಿ ಬರ್ತವೆ. ಆ ವ್ಯತ್ಯಾಸದಿಂದ ಹುಟ್ಟಿದ ಸಂಶೋಧನೆಯೇ ರಾಶಿ ಉಂಟು. ಪ್ರಮೇಯ ಯಾವ ಊಹೆಯ ಮೇಲೆ ನಿಂತಿದೆ, ಆ ಊಹೆ ಎಲ್ಲಿ ಮುರಿಯುತ್ತದೆ ಅಂತ ನೋಡುವ ಕಣ್ಣು ಬಂದರೆ ಈ ಕ್ಷೇತ್ರದ ಅರ್ಧ ಕೆಲಸ ಆದ ಹಾಗೆ.

ಗಣಿತದಲ್ಲಿ ಮೊದಲು ಲೀನಿಯರ್ ಆಲ್ಜಿಬ್ರಾ. ಐಗನ್‌ವ್ಯಾಲ್ಯೂ ಲೆಕ್ಕ ಹಾಕುವುದು ಸಾಲದು. ಸಬ್‌ಸ್ಪೇಸ್, ಪ್ರೊಜೆಕ್ಷನ್, ಪಾಸಿಟಿವ್ ಡೆಫಿನಿಟ್ ಮ್ಯಾಟ್ರಿಕ್ಸ್, ಸಿಂಗ್ಯುಲರ್ ವ್ಯಾಲ್ಯೂ ಇವುಗಳ ಬಗ್ಗೆ ಸಣ್ಣ ಸಾಧನೆಗಳನ್ನು (ಪ್ರೂಫ್) ಸ್ವತಃ ಬರೆಯಲಿಕ್ಕೆ ಬರಬೇಕು. ಆಮೇಲೆ ಪ್ರಾಬಬಿಲಿಟಿ, ಅದೂ ಕಂಡಿಷನಲ್ ಎಕ್ಸ್‌ಪೆಕ್ಟೇಶನ್ ತನಕ. ನಂತರ ಲ್ಯಾಪುನೋವ್ ಸ್ಥಿರತೆ, ಕಾನ್ವೆಕ್ಸ್ ಆಪ್ಟಿಮೈಸೇಶನ್. ರಿಯಲ್ ಅನಾಲಿಸಿಸ್ ಬಿ.ಟೆಕ್.ನಲ್ಲಿ ಇರುವುದಿಲ್ಲ; ಸಂದರ್ಶನದಲ್ಲಿ ಕಂಟಿನ್ಯುಟಿ, ಕನ್ವರ್ಜೆನ್ಸ್ ಕೇಳಿದಾಗ ಇಂಜಿನಿಯರಿಂಗಿನವರು ನಿಂತುಬಿಡುವುದು ಅಲ್ಲೇ. ಎನ್‌ಪಿಟಿಇಎಲ್‌ನಲ್ಲಿ ಎಲ್ಲದಕ್ಕೂ ಪಾಠಗಳಿವೆ. ವೀಡಿಯೋ ನೋಡಿದರೆ ಮಾತ್ರ ಆಗುವುದಿಲ್ಲ, ವಾರದ ಅಸೈನ್‌ಮೆಂಟ್ ಕಾಗದದ ಮೇಲೆ ಬಿಡಿಸಬೇಕು. ಕನ್ನಡ ಮಾಧ್ಯಮದಿಂದ ಬಂದದ್ದು ಇಲ್ಲಿ ತೊಡಕಲ್ಲ. ಪ್ರಮೇಯದ ಭಾಷೆ ಎಲ್ಲರಿಗೂ ಹೊಸತೇ.

ಎಂ.ಟೆಕ್. ಅಥವಾ ನೇರ ಪಿಎಚ್.ಡಿ. ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಒಳ್ಳೆಯ ಗೇಟ್ ಸ್ಕೋರ್ ಇರುವ ಬಿ.ಟೆಕ್.ನವರನ್ನು ನೇರ ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತವೆ. ಇಲೆಕ್ಟ್ರಿಕಲ್ ಪೇಪರ್ ಬರೆದರೆ ಸಾಕು. ಇನ್‌ಸ್ಟ್ರುಮೆಂಟೇಶನ್ ಪೇಪರಿನಲ್ಲೂ ಕಂಟ್ರೋಲ್ ಉಂಟು. ಸ್ಕೋರ್ 3 ವರ್ಷ ಊರ್ಜಿತ. ಹಣದ ಲೆಕ್ಕ: ಎಂ.ಟೆಕ್.ಗೆ ತಿಂಗಳಿಗೆ 12,400 ರೂಪಾಯಿ, ಪಿಎಚ್.ಡಿ.ಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ 37,000, ಆಮೇಲೆ 42,000. ಮನೆಯಲ್ಲಿ ಹಣದ ಅಗತ್ಯ ಇದ್ದರೆ ಈ ವ್ಯತ್ಯಾಸ ಸಣ್ಣದಲ್ಲ. ಆದರೂ ಯಾವ ಬಗೆಯ ಸಮಸ್ಯೆ ಬೇಕು ಅಂತ ಇನ್ನೂ ಸ್ಪಷ್ಟ ಇಲ್ಲದವರು ಎಂ.ಟೆಕ್. ಮಾಡುವುದು ಒಳ್ಳೆಯದು, ಅದರಲ್ಲೂ ಸಂಶೋಧನೆಯ ಭಾಗ ದೊಡ್ಡದಿರುವ ಎಂ.ಟೆಕ್. ರಿಸರ್ಚ್. ಐದು ವರ್ಷಕ್ಕೆ ಒಬ್ಬ ಗೈಡಿಗೆ ಕಟ್ಟಿಕೊಳ್ಳುವ ಮೊದಲು ಎರಡು ವರ್ಷ ಕ್ಷೇತ್ರದ ಒಳಗೆ ನಿಂತು ನೋಡಿದ ಹಾಗಾಗ್ತದೆ. ಯುರೋಪಿನ ಬಾಗಿಲೂ ತೆರೆದಿರ್ತದೆ.

ಜಾಗಗಳು: ಐಐಟಿ ಬಾಂಬೆಯಲ್ಲಿ ಸಿಸ್ಟಮ್ಸ್ ಅಂಡ್ ಕಂಟ್ರೋಲ್‌ಗೆಂದೇ ಪ್ರತ್ಯೇಕ ಕೇಂದ್ರ ಉಂಟು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಇಲೆಕ್ಟ್ರಿಕಲ್ ವಿಭಾಗ, ಜೊತೆಗೆ 2011ರಲ್ಲಿ ಶುರುವಾದ ರಾಬರ್ಟ್ ಬಾಷ್ ಸೈಬರ್-ಫಿಸಿಕಲ್ ಸಿಸ್ಟಮ್ಸ್ ಕೇಂದ್ರ. ಮದ್ರಾಸ್, ಖರಗ್‌ಪುರ, ಕಾನ್ಪುರ ಐಐಟಿಗಳಲ್ಲಿ ಇಲೆಕ್ಟ್ರಿಕಲ್ ಒಳಗೇ ಬಲವಾದ ಕಂಟ್ರೋಲ್ ಗುಂಪು. ನಮಗೆ ಹತ್ತಿರದವು ಸುರತ್ಕಲ್, ಕ್ಯಾಲಿಕಟ್ ಎನ್‌ಐಟಿ, ಪಾಲಕ್ಕಾಡ್ ಐಐಟಿ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 3,660 ಕೋಟಿ ರೂಪಾಯಿಯ ಸೈಬರ್-ಫಿಸಿಕಲ್ ಸಿಸ್ಟಮ್ಸ್ ಮಿಷನ್ ಒಪ್ಪಿ 25 ಹಬ್‌ಗಳನ್ನು ಮಾಡಿತು. ಪಾಲಕ್ಕಾಡ್‌ನಲ್ಲೂ ಒಂದು ಉಂಟು, ಕಾನ್ಪುರದ್ದು ಸೈಬರ್ ಸುರಕ್ಷತೆಗೆ, ಹೈದರಾಬಾದಿನದ್ದು ಸ್ವಯಂಚಾಲಿತ ವಾಹನಗಳಿಗೆ. ಹಬ್‌ಗಳ ಒಲವು ಉತ್ಪನ್ನ ಮಾಡುವ ಕಡೆಗೆ. ಬೋರ್ಡಿನಲ್ಲಿ ಸೈಬರ್-ಫಿಸಿಕಲ್ ಅಂತ ಬರೆದದ್ದಕ್ಕೆ ಮರುಳಾಗದೆ, ಗೈಡ್ ಆಗಬಹುದಾದವರು ಕಳೆದ ಮೂರು ವರ್ಷದಲ್ಲಿ ಬರೆದದ್ದೇನು, ಅವರ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿ ಎಲ್ಲಿಗೆ ಹೋದರು ಅಂತ ನೋಡಿ. ಹಳೆಯ ವಿದ್ಯಾರ್ಥಿಗಳಿಗೆ ಬರೆದು ಕೇಳಿದರೆ ಹೆಚ್ಚಿನವರು ಉತ್ತರ ಕೊಡ್ತಾರೆ.

ಪ್ರಾಜೆಕ್ಟ್ ಬಗ್ಗೆ ಬೇರೆಯೇ ಬರೆಯುತ್ತೇನೆ. ಅದರಲ್ಲಿ ಹೇಳಲಿಕ್ಕೆ ತುಂಬ ಉಂಟು.

ಬಾಲ್ಟಿಕ್_ಬದಿ

ಹೊರದೇಶದ ಭಾಗ ನಾನು ಹೇಳುತ್ತೇನೆ. ಸ್ವೀಡನ್, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಪಿಎಚ್.ಡಿ. ಅಂದರೆ ಕೆಲಸ. ವಿಶ್ವವಿದ್ಯಾಲಯ ಜಾಹೀರಾತು ಹಾಕುತ್ತದೆ, ನೀವು ಉದ್ಯೋಗಕ್ಕೆ ಅರ್ಜಿ ಹಾಕಿದ ಹಾಗೆ ಹಾಕಬೇಕು, ಸಂಬಳ ಬರುತ್ತದೆ, ಫೀಸಿನ ಭಾರ ಇಲ್ಲ. ಸ್ವೀಡನ್‌ನಲ್ಲಿ ನಾಲ್ಕು ವರ್ಷದ ಸಂಶೋಧನೆ. ಪಾಠ ಮಾಡುವ ಕೆಲಸ ಶೇಕಡಾ 20ರ ತನಕ ಸೇರಿದರೆ ಒಟ್ಟು ಐದು ವರ್ಷ. ಆದರೆ ಅಲ್ಲೆಲ್ಲ ಸಾಮಾನ್ಯವಾಗಿ ಮಾಸ್ಟರ್ಸ್ ಮಟ್ಟದ ಓದು ಕೇಳುತ್ತಾರೆ, ಬರಿಯ ಬಿ.ಟೆಕ್. ಸಾಲುವುದಿಲ್ಲ. ಅಮೆರಿಕದಲ್ಲಿ ಬಿ.ಟೆಕ್. ಮುಗಿಸಿ ನೇರ ಹೋಗಬಹುದು. ಅಲ್ಲಿ ಹೆಚ್ಚಿನ ಕಡೆ ಡಿಸೆಂಬರಿನ ಹೊತ್ತಿಗೆ ಗಡುವು, ಸೇರುವುದು ಮುಂದಿನ ಆಗಸ್ಟ್.

ಕಂಟ್ರೋಲ್‌ಗೆ ಹೆಸರಾದ ಜಾಗಗಳು ಯುರೋಪಿನಲ್ಲಿ ಹಲವು. ಲುಂಡ್‌ನ ಆಟೊಮ್ಯಾಟಿಕ್ ಕಂಟ್ರೋಲ್ ವಿಭಾಗವನ್ನು 1965ರಲ್ಲಿ ಕಾರ್ಲ್ ಯೊಹಾನ್ ಓಸ್ಟ್ರೋಮ್ ಕಟ್ಟಿದರು. ಸ್ಟಾಕ್‌ಹೋಮ್‌ನ ಕೆಟಿಎಚ್, ಲಿನ್‌ಶೋಪಿಂಗ್, ಡೆಲ್ಫ್ಟ್, ಐಂಡ್‌ಹೋವನ್, ಜ್ಯೂರಿಕ್‌ನ ಇಟಿಎಚ್ ಎಲ್ಲ ಕಡೆ ನೆಟ್‌ವರ್ಕ್ಡ್ ಕಂಟ್ರೋಲ್, ಸುರಕ್ಷತೆ, ಡೇಟಾ ಆಧಾರಿತ ಕಂಟ್ರೋಲ್ ಗುಂಪುಗಳಿವೆ. ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಮರಿ ಸ್ಕ್ವೊಡೊವ್ಸ್ಕಾ-ಕ್ಯೂರಿ ಡಾಕ್ಟೊರಲ್ ನೆಟ್‌ವರ್ಕ್‌ಗಳ ಜಾಹೀರಾತುಗಳನ್ನು ಗಮನಿಸಿ. ಯಾವ ದೇಶದವರಾದರೂ ಹಾಕಬಹುದು. ಷರತ್ತು: ಸೇರುವ ಮೊದಲಿನ 36 ತಿಂಗಳಲ್ಲಿ ಆ ಜಾಗ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಭಾರತದಿಂದ ನೇರ ಹಾಕುವವರಿಗೆ ಇದು ಅನುಕೂಲವೇ. ಎರಡು ವರ್ಷದ ಮಾಸ್ಟರ್ಸ್‌ಗೆ ಜರ್ಮನಿಗೆ ಹೋಗಿ, ಆಮೇಲೆ ಜರ್ಮನಿಯಲ್ಲೇ ಇಂಥ ಜಾಗಕ್ಕೆ ಹಾಕಿದವರಿಗೆ ಸಿಗುವುದಿಲ್ಲ. ಪಕ್ಕದ ದೇಶದ್ದಕ್ಕೆ ಹಾಕಬೇಕು.

ನಮ್ಮ ಕಡೆಯವರಿಗೆ ಹೆಸರಿನ ತೊಂದರೆ ಬಹಳ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಮುಂದೆಯೋ ಹಿಂದೆಯೋ ಒಂದೆರಡು ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದದ್ದು, ಆಧಾರ್‌ನಲ್ಲಿ ಮೂರನೆಯ ರೂಪ. ಗೇಟ್ ಅರ್ಜಿ ಹಾಕುವ ಮೊದಲೇ ಇದನ್ನೆಲ್ಲ ಒಂದೇ ಮಾಡಿಸಿಕೊಳ್ಳಿ. ಮೊದಲ ಪೇಪರಿನಲ್ಲಿ ಯಾವ ಹೆಸರು ಅಚ್ಚಾಗುತ್ತದೋ ಅದೇ ಜೀವನಪೂರ್ತಿ ನಿಮ್ಮನ್ನು ಹಿಂಬಾಲಿಸುತ್ತದೆ. ಬರೆಯುವ ಮೊದಲೇ ಒಂದು ಆರ್ಕಿಡ್ (ORCID) ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಮಾಡಿಟ್ಟುಕೊಳ್ಳಿ.

ಹೊರಗೆ ಹೋಗದೆ ನಿಲ್ಲಬಹುದೇ ಅಂದರೆ, ಖಂಡಿತ. ಈ ಕ್ಷೇತ್ರಕ್ಕೆ ಕೋಟಿಗಟ್ಟಲೆಯ ಯಂತ್ರ ಬೇಡ. ಒಳ್ಳೆಯ ಸಮ್ಮೇಳನಗಳು ಬೇಕು: ಪ್ರತಿ ಡಿಸೆಂಬರಿನ ಸಿಡಿಸಿ, ಮೂರು ವರ್ಷಕ್ಕೊಮ್ಮೆಯ ಐಫ್ಯಾಕ್ ವರ್ಲ್ಡ್ ಕಾಂಗ್ರೆಸ್, ಹೈಬ್ರಿಡ್ ಸಿಸ್ಟಮ್ಸ್‌ನವರ ಎಚ್‌ಎಸ್‌ಸಿಸಿ. ನಮ್ಮಲ್ಲೇ ಇಂಡಿಯನ್ ಕಂಟ್ರೋಲ್ ಕಾನ್ಫರೆನ್ಸ್ 2015ರಲ್ಲಿ ಚೆನ್ನೈಯಲ್ಲಿ ಶುರುವಾಯಿತು. ವಿದ್ಯಾರ್ಥಿಯಾಗಿ ಹೋಗಿ ಕೂತರೆ ದೇಶದ ಕಂಟ್ರೋಲ್ ಗುಂಪುಗಳ ಪರಿಚಯ ಎರಡು ಮೂರು ದಿನದಲ್ಲಿ ಆಗುತ್ತದೆ. ಸಿಡಿಸಿಗೆ ಪೇಪರ್ ಕಳಿಸುವುದು ಮಾರ್ಚ್‌ನಲ್ಲಿ, ಅಂದರೆ ಫಲಿತಾಂಶ ಫೆಬ್ರವರಿಯ ಒಳಗೆ ಕೈಯಲ್ಲಿರಬೇಕು. ಮೊದಲ ವರ್ಷ ಕೋರ್ಸ್‌ಗಳಲ್ಲೇ ಹೋಗುವುದರಿಂದ ಎರಡನೇ ವರ್ಷದ ಮಾರ್ಚ್‌ಗೆ ಗುರಿ ಇಡುವುದು ಸರಿಯಾದ ಅಂದಾಜು. ಜರ್ನಲ್‌ಗಳಲ್ಲಿ ಮೊದಲ ಉತ್ತರಕ್ಕೇ ಆರು ತಿಂಗಳು ಕಾಯುವುದು ಸಾಮಾನ್ಯ. ಥೀಸಿಸ್ ಕೊಡುವ ವರ್ಷಕ್ಕೆ ಜರ್ನಲ್ ಕಳಿಸಿದರೆ ಸಮಯಕ್ಕೆ ಬರುವುದಿಲ್ಲ.

ಸ್ಕಾಡಾ_ಕುಂಬಳೆ

ದಾಳಿ, ಸುರಕ್ಷತೆ ಅಂತ ಬರೆದಿದ್ದೀರಿ, ಅದಕ್ಕೆ ಕಾರ್ಖಾನೆ ಕಡೆಯಿಂದ ನಾಲ್ಕು ಮಾತು.

ಪೇಪರ್‌ಗಳಲ್ಲಿ ದಾಳಿಕೋರನಿಗೆ ಪ್ಲಾಂಟಿನ ಎಲ್ಲ ಮ್ಯಾಟ್ರಿಕ್ಸ್ ಗೊತ್ತಿರುತ್ತವೆ. ಹೊರಗೆ ನಡೆದದ್ದು ನೋಡಿ. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ಸುಮಾರು 2.25 ಲಕ್ಷ ಗ್ರಾಹಕರ ಕರೆಂಟ್ ಹೋಯಿತು. ಅಲ್ಲಿ ಯಾರೂ ಮಾಡೆಲ್ ಕಂಡುಹಿಡಿಯಲಿಲ್ಲ, ಆಪರೇಟರ್‌ನ ಕಂಪ್ಯೂಟರಿನ ಒಳಗೆ ಕೂತು ಅವನದೇ ಸ್ಕ್ರೀನಿನಿಂದ ಬ್ರೇಕರ್ ತೆರೆದರು. ಕಾರ್ಖಾನೆಯ ಯಂತ್ರಗಳು ಪರಸ್ಪರ ಮಾತಾಡುವ ಮಾಡ್‌ಬಸ್ ಪ್ರೋಟೋಕಾಲ್ 1979ರದ್ದು. ಪಾಸ್‌ವರ್ಡ್ ಎಂಬುದೇ ಅದರಲ್ಲಿ ಇಲ್ಲ. 502ನೇ ಪೋರ್ಟ್ ತಲುಪಿದವರು ಯಾರು ಬೇಕಾದರೂ ರಿಜಿಸ್ಟರ್ ಬರೆಯಬಹುದು. ಹಾಗಂತ ಥಿಯರಿ ದಂಡ ಅಂತ ಅಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವರ್ಮ್ ಇರಾನಿನ ಯುರೇನಿಯಂ ಘಟಕದ ಸೆಂಟ್ರಿಫ್ಯೂಜ್‌ಗಳ ಸಹಜ ರೀಡಿಂಗ್ ಮೊದಲೇ ದಾಖಲಿಸಿ, ಹಾಳು ಮಾಡುವಾಗ ಅದನ್ನೇ ಮರಳಿ ತೋರಿಸಿತು. ಫೈರ್‌ವಾಲ್ ದಾಟಿ ಬಂದವನನ್ನು ಭೌತಿಕ ಲೆಕ್ಕದಿಂದಲೇ ಹಿಡಿಯಬೇಕಾದದ್ದು ಇಂಥಲ್ಲಿ. ಆದ್ದರಿಂದ ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟದಲ್ಲೇ ಬರೆಯಿರಿ: ದಾಳಿಕೋರ ಯಾವ ಸಂಕೇತ ಓದಬಲ್ಲ, ಯಾವುದನ್ನು ತಿದ್ದಬಲ್ಲ, ಮಾಡೆಲ್ ಎಷ್ಟು ಗೊತ್ತು. ಅದಿಲ್ಲದೆ ಪತ್ತೆ ಶೇಕಡಾ 98 ಅಂತ ಬರೆದರೆ ಅರ್ಥವೇ ಇಲ್ಲ.

ರೆಡಿ ಡೇಟಾ ಬೇಕಾದರೆ ಸಿಂಗಾಪುರದ ಐಟ್ರಸ್ಟ್ ಕೇಂದ್ರದ ಸ್ವಾಟ್ ಉಂಟು, ಆರು ಹಂತದ ನೀರು ಶುದ್ಧೀಕರಣದ ಮಾದರಿ ಘಟಕ. 11 ದಿನದ ದಾಖಲೆ, 7 ದಿನ ಸಹಜ, 4 ದಿನ ದಾಳಿ ಸಹಿತ. ಅರ್ಜಿ ಹಾಕಿದರೆ ಉಚಿತ. ಎರಡು ಕಡೆ ಜನ ಜಾರುತ್ತಾರೆ. ಆರಂಭದ ಕೆಲವು ಗಂಟೆ ಟ್ಯಾಂಕ್ ತುಂಬುವ ಹೊತ್ತು, ಅದನ್ನು ಸಹಜ ಅಂತ ಕಲಿಸಿದರೆ ಮಾಡೆಲ್ ಹಾಳು. ಇನ್ನೊಂದು, ಪಾಯಿಂಟ್ ಅಡ್ಜಸ್ಟ್ ಎಂಬ ಅಂಕ ಕೊಡುವ ಪದ್ಧತಿ: ದಾಳಿಯ ಇಡೀ ಅವಧಿಯಲ್ಲಿ ಒಂದೇ ಒಂದು ಸ್ಯಾಂಪಲ್ ಹಿಡಿದರೂ ಪೂರ್ತಿ ಹಿಡಿದ ಲೆಕ್ಕ. ಆ ಪದ್ಧತಿಯಲ್ಲಿ ಕಣ್ಣು ಮುಚ್ಚಿ ಊಹೆ ಮಾಡಿದ ಡಿಟೆಕ್ಟರಿಗೂ ದೊಡ್ಡ ಅಂಕ ಬರ್ತದೆ. ಮಷಿನ್ ಲರ್ನಿಂಗ್ ಪೇಪರ್ ಓದುವಾಗ ಮೊದಲು ಇದನ್ನು ಹುಡುಕಿ.

ಕೊನೆಗೆ ಗಟ್ಟಿಯಾಗಿ ಹೇಳುವ ಮಾತು. ಕುತೂಹಲಕ್ಕೂ ವಿದ್ಯುತ್ ಮಂಡಳಿ, ನೀರು ಪೂರೈಕೆ, ಕಾರ್ಖಾನೆ ಯಾವುದರ ನೆಟ್‌ವರ್ಕನ್ನೂ ಸ್ಕ್ಯಾನ್ ಮಾಡಬೇಡಿ. ಸಂರಕ್ಷಿತ ಅಂತ ಘೋಷಿಸಿದ ವ್ಯವಸ್ಥೆಯ ಒಳಗೆ ಅನುಮತಿಯಿಲ್ಲದೆ ಹೋದರೆ ಐಟಿ ಕಾಯ್ದೆಯ 70ನೇ ಸೆಕ್ಷನ್‌ನಲ್ಲಿ 10 ವರ್ಷದ ತನಕ ಶಿಕ್ಷೆ ಉಂಟು. ದಾಳಿಯ ಪ್ರಯೋಗ ಕಾಲೇಜಿನ ವೈಫೈಗೂ ತಾಗದ ಪ್ರತ್ಯೇಕ ಸ್ವಿಚ್‌ನಲ್ಲಿ, ನಿಮ್ಮದೇ ಬೆಂಚಿನಲ್ಲಿ. ರಾಸ್ಪ್‌ಬೆರಿ ಪೈ ಮೇಲೆ ಓಪನ್‌ಪಿಎಲ್‌ಸಿ (ಕಾರ್ಖಾನೆಯ ಕಂಟ್ರೋಲರಿನ ಹಾಗೆ ಕೆಲಸ ಮಾಡುವ ಉಚಿತ ಸಾಫ್ಟ್‌ವೇರ್) ಹಾಕಿದರೆ ಮಾಡ್‌ಬಸ್ ಸಹಿತ ಪೂರಾ ಸಿಗ್ತದೆ.

ಮುಳ್ಳೇರಿಯ_ಇಇಇ

ಮೂವರಿಗೂ ತುಂಬ ಉಪಕಾರ. ಒಬಿಸಿ ಪಟ್ಟಿಯ ವಿಷಯ ನಮ್ಮ ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಕಳಿಸಿದೆ. ಚಂದ್ರಗಿರಿ ಮಾಷ್ಟ್ರೇ, ಪ್ರಾಜೆಕ್ಟ್ ಬಗ್ಗೆ ಕಾಯುತ್ತಿದ್ದೇನೆ. ಲೋರಾ ಮಾಡ್ಯೂಲ್ ಈಗಾಗಲೇ ತಂದಿದ್ದೇವೆ. ಒಟ್ಟು ಖರ್ಚು ಕಡಿಮೆಯಲ್ಲಿ ಆಗಬೇಕು, ಸಮಯ ಇರುವುದು ಸುಮಾರು ಐದು ತಿಂಗಳು.

ಚಂದ್ರಗಿರಿ_ದಡ

ತೋಟಕ್ಕೆ ನಿಮ್ಮ ಯಂತ್ರ ಉಪಯೋಗವೇ, ಅದನ್ನು ಬಿಡಿ ಅಂತ ಹೇಳುವುದಿಲ್ಲ. ಆದರೆ ಸಂಶೋಧನೆಯ ಪ್ರಶ್ನೆ ಅದರಲ್ಲಿ ಹುಟ್ಟುವುದಿಲ್ಲ. ಮಣ್ಣಿನ ತೇವಾಂಶ ಬದಲಾಗುವುದು ಗಂಟೆಗಳಲ್ಲಿ. ಹತ್ತರಲ್ಲಿ ಒಂಬತ್ತು ಪ್ಯಾಕೆಟ್ ಕಳೆದುಹೋದರೂ ಆನ್-ಆಫ್ ಪಂಪಿಗೆ ಏನೂ ಗೊತ್ತಾಗದು. ನೆಟ್‌ವರ್ಕ್ ಕೆಟ್ಟರೂ ಲೂಪ್ ಕೆಡುವುದಿಲ್ಲ ಅಂದ ಮೇಲೆ ಅಲ್ಲಿ ನೆಟ್‌ವರ್ಕ್ಡ್ ಕಂಟ್ರೋಲ್ ಎಂಬುದೇ ಇಲ್ಲ. ಲೋರಾ ವೇಗದ ಲೂಪಿಗೂ ಆಗುವುದಿಲ್ಲ: 125 ಕಿಲೋಹರ್ಟ್ಸ್‌ನಲ್ಲಿ 20 ಬೈಟಿನ ಸಂದೇಶಕ್ಕೆ ಸ್ಪ್ರೆಡಿಂಗ್ ಫ್ಯಾಕ್ಟರ್ (ಹೆಚ್ಚಿದಷ್ಟು ದೂರ ತಲುಪ್ತದೆ, ಆದರೆ ನಿಧಾನ) 7ರಲ್ಲಿ ಸುಮಾರು 57 ಮಿಲಿಸೆಕೆಂಡ್, 12ರಲ್ಲಿ ಒಂದು ಸೆಕೆಂಡ್ ದಾಟ್ತದೆ. ಅದನ್ನು ತೋಟದ ಭಾಗಕ್ಕೇ ಇಟ್ಟುಕೊಳ್ಳಿ.

ಸುರಕ್ಷತೆ ಇಷ್ಟ ಅಂದಿರಿ. ಹಾಗಾದರೆ ಎರಡು ಟ್ಯಾಂಕಿನ ಬೆಂಚು ಕಟ್ಟಿ, ಸ್ಟಕ್ಸ್‌ನೆಟ್ ಮಾಡಿದ ಹಾಗೆ ಹಳೆಯ ದಾಖಲೆ ಮರಳಿ ಕೊಡುವ ದಾಳಿಯನ್ನು ಹಿಡಿಯುವ ಪ್ರಶ್ನೆ ತೆಗೆದುಕೊಳ್ಳಿ. 2009ರಲ್ಲಿ ಯಿಲಿನ್ ಮೋ ಮತ್ತು ಸಿನೊಪೊಲಿ ಕೊಟ್ಟ ಉಪಾಯ ಸರಳ: ಪಂಪಿಗೆ ಕೊಡುವ ಆಜ್ಞೆಯಲ್ಲಿ ನಿಮಗೆ ಮಾತ್ರ ಗೊತ್ತಿರುವ ಸಣ್ಣ ಯಾದೃಚ್ಛಿಕ ಏರಿಳಿತ ಸೇರಿಸುವುದು. ಸೆನ್ಸರ್ ರೀಡಿಂಗ್ ನಿಜವಾದರೆ ಆ ಏರಿಳಿತದ ಗುರುತು ಅದರಲ್ಲಿ ಕಾಣ್ತದೆ, ಹಳೆಯ ದಾಖಲೆಯಾದರೆ ಕಾಣುವುದಿಲ್ಲ. ಇದಕ್ಕೆ ವಾಟರ್‌ಮಾರ್ಕ್ ಅಂತ ಹೆಸರು.

ಸಾಮಾನು: 110 ಮಿಲಿಮೀಟರ್ ಪಿವಿಸಿ ಪೈಪಿನ ಎರಡು ತುಂಡು, 60 ಸೆಂಟಿಮೀಟರ್ ಎತ್ತರ, ಅಡಿಗೆ ಎಂಡ್ ಕ್ಯಾಪ್. ಮೊದಲನೆಯದರಿಂದ ಎರಡನೆಯದಕ್ಕೆ, ಅಲ್ಲಿಂದ ಕೆಳಗಿನ ಬಕೆಟ್ಟಿಗೆ 5 ಮಿಲಿಮೀಟರಿನ ತೂತು. ನಿಮಿಷಕ್ಕೆ 4 ಲೀಟರಿನ 12 ವೋಲ್ಟ್ ಪಂಪ್, ಎರಡು ಇಎಸ್‌ಪಿ32 (ವೈಫೈ ಇರುವ ಸಣ್ಣ ಕಂಟ್ರೋಲರ್ ಬೋರ್ಡು). ಎತ್ತರ ಅಳೆಯಲಿಕ್ಕೆ ಎಲ್ಲರೂ ತರುವ ಅಲ್ಟ್ರಾಸಾನಿಕ್ ಸೆನ್ಸರ್ ಇಲ್ಲಿ ಬೇಡ. ಅದರ ಕಿರಣ ಸುಮಾರು 15 ಡಿಗ್ರಿ ಅಗಲವಾಗ್ತದೆ, ಇಷ್ಟು ಸಪೂರ ಪೈಪಿನಲ್ಲಿ ಗೋಡೆಗೆ ಬಡಿದು ಸುಳ್ಳು ಎತ್ತರ ಹೇಳ್ತದೆ. ಬದಲಿಗೆ ಎಂಪಿಎಕ್ಸ್5010ಡಿಪಿ ಒತ್ತಡದ ಸೆನ್ಸರ್, ಪ್ರತಿ ಟ್ಯಾಂಕಿಗೆ ಒಂದು. 5 ವೋಲ್ಟ್ ಕೊಡಬೇಕು. ಒಂದು ಮಿಲಿಮೀಟರ್ ನೀರಿಗೆ ಸುಮಾರು 4.4 ಮಿಲಿವೋಲ್ಟ್, 60 ಸೆಂಟಿಮೀಟರಿಗೆ 2.85 ವೋಲ್ಟ್ ಬರ್ತದೆ. ಇಎಸ್‌ಪಿ32ರ ಒಳಗಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಮೇಲ್ತುದಿಯಲ್ಲಿ ಬಾಗ್ತದೆ, ಹಾಗಾಗಿ 3.3 ವೋಲ್ಟ್‌ನಲ್ಲಿ ಎಡಿಎಸ್1115 ಚಿಪ್ ಹಾಕಿ ಓದಿ. ಸೆನ್ಸರಿನ ರಬ್ಬರ್ ಕೊಳವೆಯಲ್ಲಿ ಗಾಳಿ ಸೋರಿದರೆ ರೀಡಿಂಗ್ ನಿಧಾನವಾಗಿ ಇಳಿಯುತ್ತಾ ಹೋಗ್ತದೆ. ದಾಳಿ ಅಂತ ನಿಮ್ಮ ಡಿಟೆಕ್ಟರ್ ಕೂಗಿದರೆ ಮೊದಲು ಕ್ಲಿಪ್ ನೋಡಿ.

ಪಂಪಿಗೆ ಎಲ್298 ಬೋರ್ಡು ಹಾಕಿದರೆ ಎರಡು ವೋಲ್ಟ್ ಅಲ್ಲೇ ಹೋಗ್ತದೆ, ಲಾಜಿಕ್-ಲೆವೆಲ್ ಮಾಸ್‌ಫೆಟ್ ಒಂದು ಮತ್ತು ಡಯೋಡ್ ಸಾಕು. ಪಿಡಬ್ಲ್ಯುಎಂ (ವಿದ್ಯುತ್ತನ್ನು ಬೇಗಬೇಗ ಆನ್-ಆಫ್ ಮಾಡಿ ವೇಗ ಹೊಂದಿಸುವುದು) ಒಂದು ಮಟ್ಟಕ್ಕಿಂತ ಕೆಳಗೆ ಪಂಪ್ ತಿರುಗುವುದೇ ಇಲ್ಲ. ಪ್ರತಿ 5 ಶೇಕಡಾಕ್ಕೆ ನೀರು ಅಳೆದು ಪಟ್ಟಿ ಮಾಡಿ, ಕಂಟ್ರೋಲರ್ ಕೇಳಿದ ಲೀಟರಿಗೆ ಪಟ್ಟಿಯಿಂದ ಪಿಡಬ್ಲ್ಯುಎಂ ತೆಗೆಯಿರಿ. ಈ ಪಟ್ಟಿ ಮಾಡದೆ ನೇರ ಮಾಡೆಲ್ ಹೊಂದಿಸಲಿಕ್ಕೆ ಹೋದರೆ ವಾರಗಟ್ಟಲೆ ಹೋಗ್ತದೆ.

ನೆಟ್‌ವರ್ಕ್: ಯುಡಿಪಿ ಬಳಸಿ. ಟಿಸಿಪಿ ಕಳೆದ ಪ್ಯಾಕೆಟ್ಟನ್ನು ಮತ್ತೆ ತಂದುಕೊಡ್ತದೆ, ಅಷ್ಟರಲ್ಲಿ ಆ ರೀಡಿಂಗ್ ಹಳತು, ಹೊಸತೂ ಅದರ ಹಿಂದೆ ಕಾಯ್ತದೆ. ಪ್ರತಿ ಪ್ಯಾಕೆಟ್ಟಿಗೆ ಕ್ರಮಸಂಖ್ಯೆ ಹಾಕಿ, ಹಿಂದಿನದು ತಡವಾಗಿ ಬಂದರೆ ಎಸೆಯಿರಿ. ಇಎಸ್‌ಪಿ32 ವೈಫೈಯಲ್ಲಿ ತಾನೇ ತೂಕಡಿಸ್ತದೆ. ರೂಟರಿನ ಬೀಕನ್ 102.4 ಮಿಲಿಸೆಕೆಂಡಿಗೊಮ್ಮೆ, ಅದಕ್ಕೆ ಕಾದು ತಡ ಆಗ್ತದೆ. ಕೋಡಿನಲ್ಲಿ ವೈಫೈ ಸ್ಲೀಪ್ ಆಫ್ ಮಾಡಿದರೆ ಹೋಗ್ತದೆ.

ಈಗ ಮುಖ್ಯ ಜಾಗ. ಪೈಪಿನ ಅಡ್ಡಕೊಯ್ತ ಸುಮಾರು 85 ಚದರ ಸೆಂಟಿಮೀಟರ್, ಪಂಪ್ ಪೂರ್ತಿ ಓಡಿದರೆ ಸೆಕೆಂಡಿಗೆ 67 ಘನ ಸೆಂಟಿಮೀಟರ್. ವಾಟರ್‌ಮಾರ್ಕ್ ಶೇಕಡಾ 5, ಪ್ರತಿ ಸೆಕೆಂಡಿಗೆ ಬದಲು ಅಂತ ಇಟ್ಟರೆ ನೀರಿನ ಮಟ್ಟ ಅಲುಗುವುದು 0.4 ಮಿಲಿಮೀಟರ್. ನೀರು ಬೀಳುವಾಗಿನ ಅಲೆಯಲ್ಲೇ ಅದು ಮುಳುಗಿಹೋಗ್ತದೆ. ಶೇಕಡಾ 10, ಹತ್ತು ಸೆಕೆಂಡಿಗೊಮ್ಮೆ ಬದಲು ಅಂತ ಮಾಡಿದರೆ ಸುಮಾರು 8 ಮಿಲಿಮೀಟರ್, ಚೆನ್ನಾಗಿ ಕಾಣ್ತದೆ. ಟ್ಯಾಂಕಿನ ಟೈಮ್ ಕಾನ್‌ಸ್ಟಂಟ್ 50 ಸೆಂಟಿಮೀಟರ್ ಮಟ್ಟದಲ್ಲಿ ಸುಮಾರು 230 ಸೆಕೆಂಡ್, ಆದ್ದರಿಂದ ಹತ್ತು ಸೆಕೆಂಡಿನ ಕಂಟ್ರೋಲ್ ಅವಧಿ ಏನೂ ಹೆಚ್ಚಲ್ಲ. ಮಟ್ಟ ಇಷ್ಟು ಅಲುಗುವುದು ಕಂಟ್ರೋಲಿಗೆ ನಷ್ಟ. ಎಷ್ಟು ನಷ್ಟಕ್ಕೆ ಎಷ್ಟು ಬೇಗ ಪತ್ತೆ ಎಂಬ ಗ್ರಾಫ್ ನಿಮ್ಮ ಪ್ರಾಜೆಕ್ಟಿನ ತಿರುಳು.

ಡಿಟೆಕ್ಟರಿನ ಮಿತಿಯಲ್ಲೂ ಲೆಕ್ಕ ತಪ್ಪುವವರು ಬಹಳ. ಎರಡು ಮಟ್ಟಗಳ ರೆಸಿಡ್ಯುಯಲ್‌ಗೆ (ಮಾಡೆಲ್ ಹೇಳಿದ್ದಕ್ಕೂ ಸೆನ್ಸರ್ ಹೇಳಿದ್ದಕ್ಕೂ ಇರುವ ವ್ಯತ್ಯಾಸ) ಕೈ-ಸ್ಕ್ವೇರ್ ಎಂಬ ಸ್ಟಾಟಿಸ್ಟಿಕ್ಸ್ ಪರೀಕ್ಷೆ, ಶೇಕಡಾ 1 ಸುಳ್ಳು ಅಲಾರಂ ಅಂದರೆ ಮಿತಿ 9.21. ಕೇಳಲಿಕ್ಕೆ ಚಂದ. ಆದರೆ ಸೆಕೆಂಡಿಗೊಮ್ಮೆ ಪರೀಕ್ಷಿಸಿದರೆ ಗಂಟೆಗೆ 36 ಸುಳ್ಳು ಅಲಾರಂ, ಯಾವ ಆಪರೇಟರ್ ಆದರೂ ಸ್ವಿಚ್ ತೆಗೆದುಬಿಡ್ತಾನೆ. ಹತ್ತು ಸೆಕೆಂಡಿಗೊಮ್ಮೆ ನೋಡಿ, ದಿನಕ್ಕೊಂದೇ ಸುಳ್ಳು ಬೇಕು ಅಂದರೆ ಮಿತಿ 18.1. ಇದೂ ಅಳತೆಯಲ್ಲಿನ ನಾಯ್ಸ್ ಗಾಸಿಯನ್ ಆಗಿದ್ದರೆ ಮಾತ್ರ. ನಿಮ್ಮ ಬೆಂಚಿನಲ್ಲಿ ಆಗಿರುವುದಿಲ್ಲ. ಕೆಲವು ಗಂಟೆ ದಾಳಿಯಿಲ್ಲದೆ ಓಡಿಸಿ, ಸುಳ್ಳು ಅಲಾರಂ ಎಣಿಸಿ, ಆಮೇಲೆ ಮಿತಿ ನಿರ್ಧರಿಸಿ.

ಗೈಡ್ ಮಷಿನ್ ಲರ್ನಿಂಗ್ ಕೇಳಿದ್ದಕ್ಕೆ ಬೇಡ ಅನ್ನಬೇಡಿ. ಅದೇ ಡೇಟಾದಲ್ಲಿ ಒಂದು ಆಟೊಎನ್‌ಕೋಡರ್ (ಸಹಜ ಡೇಟಾ ಹೇಗಿರುತ್ತದೆ ಅಂತ ಕಲಿಯುವ ನ್ಯೂರಲ್ ನೆಟ್‌ವರ್ಕ್) ಕಲಿಸಿ ಕೈ-ಸ್ಕ್ವೇರ್ ಪಕ್ಕದಲ್ಲಿ ನಿಲ್ಲಿಸಿ, ಎರಡಕ್ಕೂ ಒಂದೇ ಸುಳ್ಳು ಅಲಾರಂ ದರ ಇಟ್ಟು ಹೋಲಿಸಿ. ಅವರಿಗೂ ಸಂತೋಷ, ಪ್ರಯೋಗವೂ ಪ್ರಾಮಾಣಿಕ.

ತಂತಿ_ಕಂಬ

ವಿದ್ಯುತ್ ಕಡೆಯಿಂದ ಒಂದು ಸೇರಿಸುತ್ತೇನೆ, ಇಇಇಯವರಿಗೆ ಇದು ಹತ್ತಿರ. ಗ್ರಿಡ್‌ನ ಪಿಎಂಯುಗಳು (ವೋಲ್ಟೇಜ್, ಕರೆಂಟಿನ ಕೋನ ಅಳೆಯುವ ಉಪಕರಣಗಳು) ಜಿಪಿಎಸ್ ಸಮಯದ ಮೇಲೆ ನಿಂತಿವೆ. 50 ಹರ್ಟ್ಸ್‌ನಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ಕೋನ 0.018 ಡಿಗ್ರಿ ತಪ್ಪುತ್ತದೆ. ಸುಮಾರು 32 ಮೈಕ್ರೋಸೆಕೆಂಡ್ ತಪ್ಪಿದರೆ ಪಿಎಂಯು ಮಾನದಂಡದ ಶೇಕಡಾ 1 ದೋಷದ ಮಿತಿ ಅಲ್ಲಿಗೇ ಮುಗಿಯಿತು. ಸುಳ್ಳು ಜಿಪಿಎಸ್ ಸಂಕೇತ ಕೊಟ್ಟು ಡೇಟಾ ಮುಟ್ಟದೆಯೇ ಅಳತೆ ಕೆಡಿಸಬಹುದು. ಸಿಮ್ಯುಲೇಶನ್‌ನಲ್ಲೇ ಮಾಡಬಹುದಾದ ಒಳ್ಳೆಯ ಎಂ.ಟೆಕ್. ವಿಷಯ ಇದು. ಮುಂದಿನ ಕೆಲಸಕ್ಕೂ ದಾರಿ: ಗ್ರಿಡ್ ಇಂಡಿಯಾ, ಬೆಂಗಳೂರಿನ ಸಿಪಿಆರ್‌ಐ, ಎಬಿಬಿ, ಸೀಮೆನ್ಸ್‌ನಂಥ ಕಂಪನಿಗಳ ಸಂಶೋಧನಾ ಘಟಕಗಳು ಇಂಥ ಹಿನ್ನೆಲೆಯವರನ್ನು ಹುಡುಕುತ್ತವೆ. ಅಧ್ಯಾಪಕರಾಗುವುದಾದರೆ ಎನ್‌ಐಟಿಯಲ್ಲಿ ಹೊಸ ಪಿಎಚ್.ಡಿ.ಯವರು ಸೇರುವುದು ಅಸಿಸ್ಟೆಂಟ್ ಪ್ರೊಫೆಸರ್ ಗ್ರೇಡ್ 2, ಲೆವೆಲ್ 10 ಅಥವಾ 11ರಲ್ಲಿ. ಗ್ರೇಡ್ 1, ಅಂದರೆ ಲೆವೆಲ್ 12ಕ್ಕೆ ಪಿಎಚ್.ಡಿ. ನಂತರ ಮೂರು ವರ್ಷದ ಅನುಭವ ನೋಡುತ್ತಾರೆ. ಪೋಸ್ಟ್‌ಡಾಕ್ ಆ ಲೆಕ್ಕಕ್ಕೆ ಬರುತ್ತದೆ. ಕೇರಳದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳದ್ದು ಪಿಎಸ್‌ಸಿ ಮೂಲಕವೇ, ಮನೆಯವರು ಹೇಳಿದ ದಾರಿಯೂ ಇದರೊಳಗೇ ಇದೆ ಅಂತ ತಿಳಿಸಿ.

ಬಾಲ್ಟಿಕ್_ಬದಿ

ಮಾಷ್ಟ್ರು ಹೇಳಿದ ಬೆಂಚು ಕಟ್ಟಿದರೆ ಅದರ ಕೋಡ್, ಡೇಟಾ ಎರಡನ್ನೂ ಗಿಟ್‌ಹಬ್‌ನಲ್ಲಿ ಹಾಕಿ. ಪ್ರೊಫೆಸರರಿಗೆ ಬರೆಯುವ ಪತ್ರದಲ್ಲಿ ಆ ಕೊಂಡಿ ಒಂದು ಪುಟದ ಸಿವಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಪತ್ರ 150 ಪದ ದಾಟಬಾರದು. ಅವರ ಇತ್ತೀಚಿನ ಒಂದು ಪೇಪರಿನ ಯಾವ ಊಹೆ ನಿಮ್ಮ ಬೆಂಚಿನಲ್ಲಿ ನಿಲ್ಲಲಿಲ್ಲ, ಯಾಕೆ ಅಂತ ಎರಡು ವಾಕ್ಯ, ಒಂದು ಪ್ರಶ್ನೆ, ಗ್ರಾಫಿನ ಕೊಂಡಿ. ಒಂದೇ ಪತ್ರವನ್ನು ನಲವತ್ತು ಜನರಿಗೆ ಕಳಿಸಿದರೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಶಿಫಾರಸು ಪತ್ರ ಕೊಡುವ ನಿಮ್ಮ ಕಾಲೇಜಿನ ಅಧ್ಯಾಪಕರಿಗೆ ಗಡುವಿನ ಒಂದು ತಿಂಗಳು ಮೊದಲೇ ಪ್ರಾಜೆಕ್ಟ್ ರಿಪೋರ್ಟ್ ಕೊಟ್ಟಿರಿ. ಬೆಂಚಿನಲ್ಲಿ ನೀವು ಮಾಡಿದ್ದನ್ನು ಅವರು ತಮ್ಮ ಮಾತಿನಲ್ಲಿ ಬರೆಯಬೇಕಾದರೆ ಅಷ್ಟು ಸಮಯ ಬೇಕು.